ಮಲಗುವ ಮುಂಚೆ ಹತ್ತು ನಿಮಿಷ: ದಿನದಿನವೂ ದೇವರ ಕಡೆಗೆ ತಿರುಗುವುದು ಹೇಗೆ

ಒಂದು ರಾತ್ರಿ ಎಂದಿನಂತೆ ಮೊಣಕಾಲೂರಿ, "ಕರ್ತನೇ, ಇವತ್ತು ನಾನು ಮಾಡಿದ ಎಲ್ಲ ಪಾಪಗಳನ್ನು ಕ್ಷಮಿಸು, ಆಮೆನ್" ಅಂದೆ. ಎದ್ದು ಲೈಟ್ ಆರಿಸಿ ಮಲಗಿದೆ. ನಿದ್ದೆ ಬರಲಿಲ್ಲ. ಸಂಜೆ ಅಮ್ಮ ಫೋನ್ ಮಾಡಿದ್ದರು. ಮೊಬೈಲ್‌ನಲ್ಲಿ ಫೋಟೊ ಕಳಿಸುವುದು ಹೇಗೆ ಅಂತ ಕೇಳುತ್ತಿದ್ದರು, ಮೂರನೇ ಸಲ. "ಎಷ್ಟು ಸಲ ಹೇಳಬೇಕಮ್ಮಾ ನಿನಗೆ!" ಅಂತ ರೇಗಿದೆ. ಆ ಕಡೆಯಿಂದ ಒಂದು ಕ್ಷಣ ಮಾತೇ ಇಲ್ಲ. ಆಮೇಲೆ "ಸರಿ ಬಿಡಪ್ಪ" ಅಂದರು. ನಾನು ಫೋನ್ ಇಟ್ಟುಬಿಟ್ಟೆ.

ಆ "ಸರಿ ಬಿಡಪ್ಪ" ಕಿವಿಯಲ್ಲೇ ಕೂತಿತ್ತು. "ಎಲ್ಲ ಪಾಪಗಳು" ಅನ್ನುವ ದೊಡ್ಡ ಚೀಲಕ್ಕೆ ಅದನ್ನೂ ತುರುಕಿ, ಬಾಯಿ ಕಟ್ಟಿ, ದೇವರ ಮುಂದೆ ಇಟ್ಟು ಬಂದಿದ್ದೆ. ಚೀಲ ಬಿಚ್ಚಿರಲಿಲ್ಲ. ಎದ್ದು ಕೂತು ಮತ್ತೆ ಪ್ರಾರ್ಥನೆ ಮಾಡಿದೆ. "ಕರ್ತನೇ, ಸಂಜೆ ಅಮ್ಮನ ಮೇಲೆ ರೇಗಿದೆ. ಅವರಿಗೆ ನೋವಾಯಿತು ಅಂತ ಗೊತ್ತಾಯಿತು. ಗೊತ್ತಾದ ಮೇಲೂ ಫೋನ್ ಇಟ್ಟೆ." ಹೇಳಿದ್ದು ಇಷ್ಟೇ. ಆದರೆ ವರ್ಷಗಟ್ಟಲೆ ಮಾಡಿದ ಸಾವಿರ ರಾತ್ರಿಯ ಪ್ರಾರ್ಥನೆಗಳಲ್ಲಿ ನಾನು ನಿಜವಾಗಿ ಏನಾದರೂ ಅರಿಕೆ ಮಾಡಿದ್ದು ಅವತ್ತೇ ಮೊದಲು ಅನ್ನಿಸಿತು.

ಬೀಳುವುದೇ ಇಲ್ಲ ಅನ್ನುವ ಮಟ್ಟಕ್ಕೆ ನಾನು ಬಂದಿಲ್ಲ. ಆದರೆ ಬಿದ್ದ ಮೇಲೆ ದೇವರ ಕಡೆ ತಿರುಗುವುದಕ್ಕೆ ಮೊದಲು ವಾರಗಟ್ಟಲೆ ಹಿಡಿಯುತ್ತಿತ್ತು. ಈಗ ಜಾಸ್ತಿ ಅಂದರೆ ಒಂದು ದಿನ. ಆ ಅಂತರವನ್ನು ಕಡಿಮೆ ಮಾಡಿಕೊಳ್ಳುವುದಕ್ಕೇ ದಿನದಿನದ ಪಶ್ಚಾತ್ತಾಪ. ಅದನ್ನು ಮಾಡುವ ಒಂದು ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಶುರು ಮಾಡುವ ಮುಂಚೆ

ತುಂಬಾ ಜನರ ಮನಸ್ಸಿನಲ್ಲಿ ಒಂದು ಭಯ ಇರುತ್ತದೆ. ದಿನಾ ಪಶ್ಚಾತ್ತಾಪ ಪಡಬೇಕು ಅಂದರೆ ದಿನಾ ದೇವರು ನನ್ನನ್ನು ಕೈಬಿಟ್ಟಿರುತ್ತಾನೆ, ರಾತ್ರಿ ಮತ್ತೆ ಹೋಗಿ ಸೇರಿಕೊಳ್ಳಬೇಕು ಅಂತಲೇ? ಹಾಗಲ್ಲ. ಕಡೇ ಊಟದ ರಾತ್ರಿ ಯೇಸು ಶಿಷ್ಯರ ಕಾಲು ತೊಳೆಯುವಾಗ ಪೇತ್ರ ಮೊದಲು ಬೇಡ ಅಂದ, ಆಮೇಲೆ ಕೈ, ತಲೆ ಎಲ್ಲ ತೊಳೆ ಅಂದ. ಸ್ನಾನ ಮಾಡಿದವನು ಕಾಲು ತೊಳೆದುಕೊಂಡರೆ ಸಾಕು ಅಂದನು ಯೇಸು (ಯೋಹಾನ 13). ದಿನವೆಲ್ಲ ನಡೆದ ಕಾಲಿಗೆ ಧೂಳು ಹತ್ತುತ್ತದೆ. ರಾತ್ರಿ ತೊಳೆದುಕೊಳ್ಳುವುದು ಆ ಧೂಳನ್ನು. ಮನೆಯ ಮಗು ಕಾಲು ಕೊಳೆ ಮಾಡಿಕೊಂಡು ಬಂದರೂ ಮನೆಯ ಮಗುವೇ, ಅಲ್ವಾ?

ಇನ್ನೊಂದು, ಪದದ ವಿಷಯ. ಪಶ್ಚಾತ್ತಾಪ ಅಂದಕೂಡಲೇ ನಮಗೆ ಅಳು, ಎದೆ ಬಡಿದುಕೊಳ್ಳುವುದು ನೆನಪಾಗುತ್ತದೆ. ಹಳೇ ಒಡಂಬಡಿಕೆಯ ಹೀಬ್ರೂ ಪದ 'ಶೂವ್' ಅಂದರೆ ತಿರುಗು, ವಾಪಸ್ ಬಾ ಅಂತ. ಹೊಸ ಒಡಂಬಡಿಕೆಯ ಗ್ರೀಕ್ ಪದ 'ಮೆಟನೊಯಾ' ಅಂದರೆ ಮನಸ್ಸು ಬದಲಾಗುವುದು. ನಮ್ಮ ಕನ್ನಡ ಬೈಬಲಿನಲ್ಲಿ "ದೇವರ ಕಡೆಗೆ ತಿರುಗಿಕೊಳ್ಳಿರಿ" ಅಂತಲೇ ಇದೆ. ಕಣ್ಣೀರು ಬಂದರೆ ಬರಲಿ, ಬರದಿದ್ದರೂ ತಿರುಗಬಹುದು. 1517ರಲ್ಲಿ ಸಭಾ ಸುಧಾರಕ ಮಾರ್ಟಿನ್ ಲೂಥರ್ ಬರೆದ 95 ವಾದಗಳಲ್ಲಿ ಮೊಟ್ಟಮೊದಲನೆಯದೇ ಇದು: ವಿಶ್ವಾಸಿಯ ಇಡೀ ಜೀವನವೇ ಪಶ್ಚಾತ್ತಾಪವಾಗಿರಬೇಕು ಎಂಬುದು ಕ್ರಿಸ್ತನ ಇಷ್ಟ. ಇಡೀ ಜೀವನವೆಲ್ಲ ಯಾರೂ ಅಳುತ್ತಾ ಕೂರುವುದಕ್ಕೆ ಆಗುವುದಿಲ್ಲ. ತಿರುಗುತ್ತಾ ಇರಬಹುದು.

1. ಒಂದು ಹೊತ್ತು, ಒಂದು ಜಾಗ

ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ದಿನದ ಆಹಾರ ಕೇಳಿದ ಬೆನ್ನಿಗೇ ಕ್ಷಮೆ ಕೇಳುತ್ತೇವೆ. ಊಟ ದಿನಾ ಬೇಕು, ಕ್ಷಮೆಯೂ ದಿನಾ ಬೇಕು. ಊಟಕ್ಕೆ ಹೊತ್ತು ಗೊತ್ತು ಮಾಡಿದಂತೆ ಇದಕ್ಕೂ ಮಾಡಿ. ಹತ್ತು ನಿಮಿಷ ಸಾಕು. ಹಾಸಿಗೆಗೆ ಬಿದ್ದಕೂಡಲೇ ನಿದ್ದೆ ಬರುವವರು ರಾತ್ರಿ ಊಟಕ್ಕೆ ಮುಂಚೆಯೇ ಮುಗಿಸಿಕೊಳ್ಳಿ. ಕುರ್ಚಿಯಾದರೂ ಸರಿ, ಮಂಚದ ಅಂಚಾದರೂ ಸರಿ. ಮೊಬೈಲ್ ಮಾತ್ರ ಬೇರೆ ಕೋಣೆಯಲ್ಲಿರಲಿ.

2. ಪಾಪದಿಂದ ಶುರು ಮಾಡಬೇಡಿ

ವಿಚಿತ್ರ ಅನ್ನಿಸಬಹುದು, ಆದರೆ ಮೊದಲ ಎರಡು ನಿಮಿಷ ಬರೀ ಥ್ಯಾಂಕ್ಸ್ ಹೇಳಿ. ಇವತ್ತು ಸಿಕ್ಕಿದ್ದು ಏನು? ಸಣ್ಣದೇ ಆಗಲಿ. ಜ್ವರ ಇಳಿಯಿತು, ಹಳೇ ಸ್ನೇಹಿತ ಸಿಕ್ಕಿದ, ಕೆಲಸ ಮುಗಿಯಿತು. 16ನೇ ಶತಮಾನದಲ್ಲಿ, ಯೇಸುಸಭೆಯನ್ನು (ಜೆಸ್ವಿಟ್) ಸ್ಥಾಪಿಸಿದ ಲೊಯೋಲಾದ ಇಗ್ನೇಷಿಯಸ್ ತನ್ನವರಿಗೆ ಕಲಿಸಿದ ಆತ್ಮಪರೀಕ್ಷೆಯೂ ಕೃತಜ್ಞತೆಯಿಂದಲೇ ಶುರುವಾಗುತ್ತದೆ. ಕಾರಣ ಇದೆ. ನೇರವಾಗಿ ಪಾಪಕ್ಕೆ ಕೈ ಹಾಕಿದರೆ ಪೊಲೀಸರ ಮುಂದೆ ಕೂತ ಹಾಗೆ ಆಗುತ್ತದೆ, ಏನನ್ನು ಮುಚ್ಚಿಡಲಿ ಅಂತ ಮನಸ್ಸು ಹುಡುಕುತ್ತದೆ. ದಿನವೆಲ್ಲ ನನ್ನನ್ನು ಸಾಕಿದ ತಂದೆಯ ಮುಂದೆ ಕೂತಿದ್ದೇನೆ ಅಂತ ನೆನಪಾದರೆ ಬಾಯಿ ತಾನಾಗಿ ಬಿಚ್ಚುತ್ತದೆ.

3. ದಿನವನ್ನು ಮತ್ತೊಮ್ಮೆ ನಡೆಯಿರಿ

"ದೇವರೇ, ನನ್ನನ್ನು ಪರೀಕ್ಷಿಸು, ನನ್ನ ಹೃದಯವನ್ನು ತಿಳಿದುಕೋ" ಅನ್ನುತ್ತದೆ 139ನೇ ಕೀರ್ತನೆ. ಪರೀಕ್ಷೆ ಮಾಡುವವನು ದೇವರು, ನಾವಲ್ಲ. ಹಾಗಾಗಿ ಮೊದಲು ಪವಿತ್ರಾತ್ಮನನ್ನು ಕೇಳಿಕೊಂಡು, ಬೆಳಿಗ್ಗೆ ಎದ್ದಾಗಿನಿಂದ ನಿಧಾನವಾಗಿ ಬನ್ನಿ. ಯಾರ ಜೊತೆ ಮಾತಾಡಿದೆ? ಯಾರಿಗೆ ಮೆಸೇಜ್ ಕಳಿಸಿದೆ? ಒಬ್ಬಳೇ ಇದ್ದಾಗ, ಒಬ್ಬನೇ ಇದ್ದಾಗ ಏನು ನೋಡಿದೆ? ದುಡ್ಡಿನ ವಿಷಯದಲ್ಲಿ ಏನು ಮಾಡಿದೆ? ಮಾಡಬೇಕಾಗಿದ್ದ ಒಳ್ಳೆಯದನ್ನು ಎಲ್ಲಿ ಬಿಟ್ಟೆ? ಕೊನೆಯ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಹಾರಿಸಿಬಿಡುತ್ತೇವೆ. ಒಳ್ಳೆಯದನ್ನು ಮಾಡಲು ತಿಳಿದೂ ಮಾಡದವನಿಗೆ ಅದು ಪಾಪ ಅಂತ ಯಾಕೋಬ ಬರೆದಿದ್ದಾನೆ (4:17).

ಎಲ್ಲೋ ಒಂದು ಕಡೆ ಮನಸ್ಸು ಚುಚ್ಚುತ್ತದೆ. ಅಲ್ಲಿ ನಿಲ್ಲಿ. ಒಂದೆರಡು ಸಿಕ್ಕಿದರೆ ಸಾಕು, ಇಪ್ಪತ್ತು ಹುಡುಕಿ ಪಟ್ಟಿ ಮಾಡಬೇಡಿ. ಏನೂ ಸಿಗದ ದಿನವೂ ಇರುತ್ತದೆ. ಅವತ್ತು ಸುಮ್ನೆ ಏನೋ ಒಂದನ್ನು ಸೃಷ್ಟಿಸಬೇಡಿ. ಯೇಸು ಹೇಳಿದ ಸಾಮ್ಯದ ಸುಂಕದವನ ಒಂದು ಸಾಲು, "ದೇವರೇ, ಪಾಪಿಯಾದ ನನ್ನನ್ನು ಕರುಣಿಸು" ಅಂತ ಹೇಳಿ ಮುಂದೆ ಹೋಗಿ.

4. ಹೆಸರು ಹಿಡಿದು ಹೇಳಿ

ನನ್ನ ಮಟ್ಟಿಗೆ ಇಡೀ ಅಭ್ಯಾಸದಲ್ಲಿ ಕಷ್ಟದ ಹಂತ ಇದು. ಅರಿಕೆ ಮಾಡುವುದಕ್ಕೆ ಹೊಸ ಒಡಂಬಡಿಕೆ ಬಳಸುವ 'ಹೊಮೊಲೊಗೆಯೊ' ಎಂಬ ಗ್ರೀಕ್ ಪದವನ್ನು ಬಿಡಿಸಿದರೆ "ಅದೇ ಮಾತು ಹೇಳು" ಅಂತ ಬರುತ್ತದೆ. ದೇವರು ಅದನ್ನು ಏನೆಂದು ಕರೆಯುತ್ತಾನೋ ನಾನೂ ಅದನ್ನೇ ಕರೆಯುವುದು. ಸುಳ್ಳಿಗೆ ಸುಳ್ಳು ಅನ್ನುವುದು.

ನಾವು ಏನು ಮಾಡುತ್ತೇವೆ ಅಂದರೆ ಮೆತ್ತನೆಯ ಹೆಸರು ಇಡುತ್ತೇವೆ. "ನನ್ನಿಂದ ಸ್ವಲ್ಪ ಮಾತು ಜಾಸ್ತಿ ಆಯಿತು" ಅನ್ನುತ್ತೇವೆ. ನಡೆದದ್ದು: ಹೆಂಡತಿಯನ್ನು ಮಕ್ಕಳ ಮುಂದೆ ಹೀಯಾಳಿಸಿದೆ. "ಲೆಕ್ಕ ಸ್ವಲ್ಪ ಹೊಂದಿಸಿದೆ" ಅನ್ನುತ್ತೇವೆ. ನಡೆದದ್ದು: ಕದ್ದೆ. "ಅವರ ಬಗ್ಗೆ ಪ್ರಾರ್ಥನೆ ವಿಷಯ ಹಂಚಿಕೊಂಡೆ" ಅನ್ನುತ್ತೇವೆ. ನಡೆದದ್ದು: ಚಾಡಿ ಹೇಳಿದೆ. ಸಭೆಯಲ್ಲಿ ಬೆಳೆದ ನಮಗೆ ಈ ಕೊನೆಯದು ತುಂಬಾ ಸಲೀಸು.

ಒಂದು ಉಪಾಯ ಹೇಳುತ್ತೇನೆ. ಅರಿಕೆ ಮಾಡುವಾಗ "ಆದರೆ" ಎಂಬ ಪದ ಬಳಸಬೇಡಿ. "ಅಮ್ಮನ ಮೇಲೆ ರೇಗಿದೆ, ಆದರೆ ನನಗೂ ಸುಸ್ತಾಗಿತ್ತು" ಅಂದ ಕೂಡಲೇ ಅದು ಅರಿಕೆಯಾಗಿ ಉಳಿಯುವುದಿಲ್ಲ, ವಕಾಲತ್ತು ಆಗುತ್ತದೆ. ಸುಸ್ತಾಗಿದ್ದು ನಿಜವೇ ಇರಬಹುದು. ಅದನ್ನು ದೇವರಿಗೆ ಬೇರೆ ಪ್ರಾರ್ಥನೆಯಲ್ಲಿ ಹೇಳಿ, ಶಕ್ತಿ ಕೇಳಿ. ತಪ್ಪಿನ ಬಾಲಕ್ಕೆ ಕಟ್ಟಬೇಡಿ. ಧೈರ್ಯ ಇದ್ದರೆ ಮನಸ್ಸಿನಲ್ಲಿ ಹೇಳುವ ಬದಲು ಮೆಲ್ಲಗೆ ಬಾಯಿಬಿಟ್ಟು ಹೇಳಿ. ಸ್ವಂತ ಕಿವಿಗೆ ಬಿದ್ದ ಮಾತನ್ನು ತಿರುಚುವುದು ಕಷ್ಟ.

ಅರಸ ದಾವೀದನನ್ನು ನೋಡಿ. ಬತ್ಷೆಬೆಯ ವಿಷಯದಲ್ಲಿ ಪಾಪ ಮಾಡಿ, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ಕಳಿಸಿ ಸಾಯಿಸಿದ. ಪ್ರವಾದಿ ನಾತಾನ ಅವನ ಮುಂದೆ ಬಂದು ನಿಲ್ಲುವ ಹೊತ್ತಿಗೆ ಮಗು ಹುಟ್ಟಿತ್ತು. ಅಷ್ಟು ತಿಂಗಳು ಅರಸ ಬಾಯಿ ಬಿಡಲಿಲ್ಲ. ಆ ಮೌನ ಹೇಗಿರುತ್ತದೆ ಎಂಬುದು 32ನೇ ಕೀರ್ತನೆಯಲ್ಲಿ ಇದೆ: ಸುಮ್ಮನಿದ್ದಾಗ ಎಲುಬುಗಳು ಸವೆದವು, ಬೇಸಿಗೆಯ ಬಿಸಿಲಿಗೆ ಒಣಗಿದಂತೆ ಕಸುವು ಬತ್ತಿತು. ನಾತಾನ ಬಡವನ ಕುರಿಮರಿ ಕಿತ್ತುಕೊಂಡ ಶ್ರೀಮಂತನ ಕಥೆ ಹೇಳಿ "ಆ ಮನುಷ್ಯ ನೀನೇ" ಅಂದ ಮೇಲೆ ದಾವೀದ ಹೇಳಿದ್ದು ಒಂದೇ ಮಾತು, ಕರ್ತನಿಗೆ ವಿರುದ್ಧವಾಗಿ ಪಾಪ ಮಾಡಿದ್ದೇನೆ ಅಂತ. ಕರ್ತನು ನಿನ್ನ ಪಾಪವನ್ನು ತೆಗೆದುಬಿಟ್ಟಿದ್ದಾನೆ ಎಂಬ ಉತ್ತರ ಅದೇ ವಚನದಲ್ಲೇ ಇದೆ (2 ಸಮುವೇಲ 12:13). ಅಷ್ಟು ತಿಂಗಳ ಮೌನ ಒಂದು ಕಡೆ, ಅರಿಕೆಗೂ ಕ್ಷಮೆಗೂ ನಡುವೆ ಒಂದೇ ಉಸಿರು ಇನ್ನೊಂದು ಕಡೆ. ತಡ ಆಗಿದ್ದೆಲ್ಲ ದಾವೀದನ ಕಡೆಯಿಂದ.

5. ಕ್ಷಮೆಯನ್ನು ತೆಗೆದುಕೊಳ್ಳಿ

ಅರಿಕೆ ಮಾಡಿ "ಆಮೆನ್" ಅಂದು ಎದ್ದುಬಿಡುವವರೇ ಹೆಚ್ಚು. ದಯವಿಟ್ಟು ಕೂತಿರಿ. ಅರ್ಧ ಕೆಲಸ ಬಾಕಿ ಇದೆ.

ನಾವು ಪಾಪಗಳನ್ನು ಅರಿಕೆ ಮಾಡಿದರೆ ದೇವರು ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ಕ್ಷಮಿಸುತ್ತಾನೆ ಅನ್ನುತ್ತದೆ 1 ಯೋಹಾನ 1:9. "ಕರುಣೆಯುಳ್ಳವನಾಗಿರುವುದರಿಂದ" ಅಂತ ಇರಬೇಕಿತ್ತಲ್ಲ ಅಂತ ನಾನು ಎಷ್ಟೋ ದಿನ ಅಂದುಕೊಂಡಿದ್ದೆ. ನೀತಿವಂತ ಅಂದರೆ ನ್ಯಾಯ ಬಿಡದವನು. ನ್ಯಾಯ ಬಿಡದವನು ಹೇಗೆ ಬಿಟ್ಟುಬಿಡುತ್ತಾನೆ? ಸಾಲವನ್ನು ಶಿಲುಬೆಯಲ್ಲಿ ಕ್ರಿಸ್ತನು ತೀರಿಸಿಯಾಗಿದೆ. ತೀರಿದ ಸಾಲವನ್ನು ಮತ್ತೆ ಕೇಳುವುದು ಅನ್ಯಾಯ. ಹಾಗಾಗಿ ನನ್ನ ಕ್ಷಮೆ ದೇವರ ಆ ಹೊತ್ತಿನ ಮನಸ್ಸಿನ ಮೇಲೆ ನಿಂತಿಲ್ಲ, ಆತನ ಮಾತಿನ ಮೇಲೆ ನಿಂತಿದೆ. ನಾನು ಎಷ್ಟು ಅತ್ತೆ ಎಂಬುದರ ಮೇಲಂತೂ ಖಂಡಿತ ಇಲ್ಲ.

ಲೂಕ 15ರಲ್ಲಿ ತಪ್ಪಿಹೋದ ಮಗ ಹಂದಿಗಳ ನಡುವೆ ಕೂತು ಮಾತು ತಯಾರು ಮಾಡಿಕೊಳ್ಳುತ್ತಾನೆ. ಮೂರು ಭಾಗ ಇದೆ ಅದರಲ್ಲಿ. ಪಾಪ ಮಾಡಿದ್ದೇನೆ, ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ಕೂಲಿಯವರಲ್ಲಿ ಒಬ್ಬನಾಗಿ ಇಟ್ಟುಕೋ. ಮನೆ ಹತ್ತಿರ ಬಂದಾಗ ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ. ಮಗ ಮಾತು ಶುರು ಮಾಡುತ್ತಾನೆ. 21ನೇ ವಚನ ತೆಗೆದು ನೋಡಿ, ಮೊದಲ ಎರಡು ಭಾಗ ಇದೆ, ಮೂರನೆಯದು ಇಲ್ಲ. ಕೂಲಿಯವನ ಮಾತು ಬಾಯಿಗೆ ಬರುವ ಮುಂಚೆಯೇ ತಂದೆ ಆಳುಗಳಿಗೆ ಬಟ್ಟೆ ತನ್ನಿ, ಉಂಗುರ ತನ್ನಿ ಅನ್ನುತ್ತಿದ್ದಾನೆ. ನಾವು ರಾತ್ರಿ ಹೊತ್ತು ದೇವರ ಜೊತೆ ಮಾಡುವ ಚೌಕಾಶಿಯೆಲ್ಲ ಆ ಮೂರನೇ ಭಾಗದ್ದೇ. "ನಾಳೆಯಿಂದ ಎರಡು ಗಂಟೆ ಪ್ರಾರ್ಥನೆ ಮಾಡುತ್ತೇನೆ, ಒಂದು ವಾರ ಉಪವಾಸ ಇರುತ್ತೇನೆ." ಅದನ್ನು ಹೇಳುವ ಅಗತ್ಯವಿಲ್ಲ.

ಹಾಗಾದರೆ ಏನು ಮಾಡಬೇಕು? ಒಂದು ವಾಕ್ಯ ಆರಿಸಿಕೊಂಡು ನಿಮ್ಮ ಹೆಸರು ಸೇರಿಸಿ ಗಟ್ಟಿಯಾಗಿ ಓದಿ. ಪೂರ್ವಕ್ಕೂ ಪಶ್ಚಿಮಕ್ಕೂ ಎಷ್ಟು ದೂರವೋ ಅಷ್ಟು ದೂರ ನಮ್ಮ ದ್ರೋಹಗಳನ್ನು ತೆಗೆದಿಟ್ಟಿದ್ದಾನೆ ಅನ್ನುವ ಕೀರ್ತನೆ 103:12 ನನಗೆ ಇಷ್ಟ. ಓದಿ ಆದ ಮೇಲೆ ಒಂದು ನಿಮಿಷ ಸುಮ್ಮನಿರಿ.

ಆಮೇಲೂ ಮನಸ್ಸು ಕೊರೆಯುತ್ತಿದ್ದರೆ? ಪೌಲ ಎರಡು ಬಗೆಯ ದುಃಖ ಹೇಳುತ್ತಾನೆ (2 ಕೊರಿಂಥ 7:10). ಒಂದು ದೇವರ ಕಡೆ ತಿರುಗಿಸುತ್ತದೆ, ಇನ್ನೊಂದು ಸಾವಿನ ಕಡೆ ಎಳೆಯುತ್ತದೆ. ಗುರುತಿಸುವುದು ಹೀಗೆ: ಪವಿತ್ರಾತ್ಮನು "ಸಂಜೆ ಫೋನಿನಲ್ಲಿ ಆಡಿದ ಆ ಮಾತು" ಅಂತ ಬೆರಳಿಟ್ಟು ತೋರಿಸುತ್ತಾನೆ, ಹೋಗಬೇಕಾದ ದಾರಿಯನ್ನೂ ತೋರಿಸುತ್ತಾನೆ. ಇನ್ನೊಂದು ದನಿ "ನೀನೇ ಸರಿಯಿಲ್ಲ, ನಿನ್ನ ಹಣೆಬರಹವೇ ಇಷ್ಟು" ಅನ್ನುತ್ತದೆ, ದಾರಿ ತೋರಿಸುವುದಿಲ್ಲ. ಒಂದೇ ರಾತ್ರಿ ಇಬ್ಬರು ಶಿಷ್ಯರು ಯೇಸುವಿಗೆ ದ್ರೋಹ ಮಾಡಿದರು. ಇಬ್ಬರಿಗೂ ಸಂಕಟವಾಯಿತು. ಯೂದ ಸಂಕಟವನ್ನು ಹೊತ್ತುಕೊಂಡು ಒಬ್ಬನೇ ಹೋದ. ಪೇತ್ರ ಅತ್ತು, ಮತ್ತೆ ಉಳಿದವರ ಜೊತೆ ಸೇರಿಕೊಂಡ.

ಪೇತ್ರನ ವಿಷಯದಲ್ಲಿ ಒಂದು ಸಣ್ಣ ವಿವರ ಇದೆ. ಯೇಸುವನ್ನು ಬಂಧಿಸಿದ ರಾತ್ರಿ ಅವನು ಯೇಸುವನ್ನು ಅರಿಯೆ ಅಂದದ್ದು ಮಹಾಯಾಜಕನ ಅಂಗಳದಲ್ಲಿ ಕೆಂಡದ ಬೆಂಕಿ ಕಾಯಿಸಿಕೊಳ್ಳುತ್ತಾ. ಪುನರುತ್ಥಾನವಾದ ಮೇಲೆ ಯೇಸು ಸಮುದ್ರದ ದಡದಲ್ಲಿ ಅವನಿಗಾಗಿ ಮೀನು ಸುಟ್ಟುಕೊಂಡು ಕಾದಿದ್ದದ್ದೂ ಕೆಂಡದ ಬೆಂಕಿಯ ಹತ್ತಿರ. ಹೊಸ ಒಡಂಬಡಿಕೆಯಲ್ಲಿ ಕೆಂಡದ ಬೆಂಕಿಗೆ ಬಳಸಿದ ಆ ಗ್ರೀಕ್ ಪದ ಬರುವುದು ಈ ಎರಡೇ ಕಡೆ (ಯೋಹಾನ 18:18, 21:9). ಅದೇ ಹೊಗೆ, ಅದೇ ವಾಸನೆ. ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ" ಎಂಬ ಪ್ರಶ್ನೆ. ಕರ್ತನು ಬಿದ್ದ ಜಾಗದ ನೆನಪಿಗೇ ಕರೆದುಕೊಂಡು ಹೋಗಿ, ಅಲ್ಲೇ ಊಟ ಕೊಟ್ಟು, ಅಲ್ಲೇ ಕೆಲಸ ಒಪ್ಪಿಸಿದನು.

6. ನಿಮ್ಮ ಕೈಯಲ್ಲಿರುವ ಸಾಲಪತ್ರ

ಕ್ಷಮೆ ತೆಗೆದುಕೊಂಡ ಕೈಯಲ್ಲೇ ಇನ್ನೊಬ್ಬರ ಸಾಲಪತ್ರ ಹಿಡಿದಿದ್ದೀರಾ ನೋಡಿಕೊಳ್ಳಿ. ಮತ್ತಾಯ 18ರ ಸಾಮ್ಯದಲ್ಲಿ ಒಬ್ಬ ಆಳು ತನ್ನ ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ಒಂದು ತಲಾಂತು ಸುಮಾರು 6,000 ದಿನದ ಕೂಲಿ. ಗುಣಿಸಿದರೆ 6 ಕೋಟಿ ದಿನದ ಕೂಲಿ ಆಗುತ್ತದೆ. ಅಷ್ಟನ್ನೂ ಬಿಡಿಸಿಕೊಂಡು ಹೊರಗೆ ಬಂದವನು, 100 ದಿನದ ಕೂಲಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ಗಮನಿಸಿ, 100 ದಿನದ ಕೂಲಿ ಕಡಿಮೆಯೇನಲ್ಲ. ಮೂರು ತಿಂಗಳ ಸಂಬಳ ಹೋದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ನಿಮಗಾದ ನೋವು ಸಣ್ಣದು ಅಂತ ಯೇಸು ಹೇಳುತ್ತಿಲ್ಲ.

ಹಾಗಾಗಿ ಇವತ್ತು ನಿಮ್ಮನ್ನು ನೋಯಿಸಿದ ಒಬ್ಬರ ಹೆಸರು ಹೇಳಿ, "ಅವರನ್ನು ಬಿಟ್ಟಿದ್ದೇನೆ ಕರ್ತನೇ" ಅನ್ನಿ. ನಾಳೆ ಮತ್ತೆ ಹೇಳಬೇಕಾಗಬಹುದು, ಹೇಳಿ. ಒಂದು ಮಾತು ಮಾತ್ರ ಸ್ಪಷ್ಟವಾಗಿರಲಿ. ಕ್ಷಮಿಸುವುದು ಅಂದರೆ ಹೊಡೆಯುವವರ ಕೈಗೆ ಮತ್ತೆ ಸಿಗುವುದಲ್ಲ. ಮನೆಯಲ್ಲಿ ಹಿಂಸೆ ನಡೆಯುತ್ತಿದ್ದರೆ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ದೂರು ಕೊಡಬೇಕಾದರೆ ಕೊಡಿ. ಅದು ಕ್ಷಮೆಗೆ ವಿರುದ್ಧವಲ್ಲ.

7. ಬೆಳಿಗ್ಗೆ ಸರಿಪಡಿಸಿ

ದೇವರು ಕ್ಷಮಿಸಿದ ಅಂದ ಮಾತ್ರಕ್ಕೆ ಅಮ್ಮನ ನೋವು ಹೋಗಲಿಲ್ಲ, ಅಲ್ವಾ? ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂದಿದ್ದಾನೆ ಯೇಸು. ಮಾರನೇ ಬೆಳಿಗ್ಗೆ ಫೋನ್ ಮಾಡಿದೆ. "ಅಮ್ಮಾ, ನಿನ್ನೆ ರೇಗಿದ್ದು ತಪ್ಪು. ಕ್ಷಮಿಸು" ಅಂದೆ. "ಸುಸ್ತಾಗಿತ್ತು" ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಮ್ಮ ಸ್ವಲ್ಪ ಹೊತ್ತು ಬಿಟ್ಟು, "ಫೋಟೊ ಕಳಿಸೋದು ಇನ್ನೂ ಬಂದಿಲ್ಲ" ಅಂದರು. ನಾಲ್ಕನೇ ಸಲ ಹೇಳಿಕೊಟ್ಟೆ.

ಕ್ಷಮೆ ಕೇಳುವಾಗ "ನಿನಗೆ ಬೇಜಾರಾಗಿದ್ದರೆ ಸಾರಿ" ಅನ್ನಬೇಡಿ. ಏನು ಮಾಡಿದೆ ಅಂತ ಹೇಳಿ, ತಪ್ಪು ಅನ್ನಿ, ಸುಮ್ಮನಾಗಿ. ಅವರು ತಕ್ಷಣ ಕ್ಷಮಿಸಲೇಬೇಕು ಅಂತ ಕಾಯಬೇಡಿ. ಮಕ್ಕಳ ಹತ್ತಿರವೂ ಕ್ಷಮೆ ಕೇಳಿ. ದುಡ್ಡಿನ ತಪ್ಪಾದರೆ ದುಡ್ಡು ಹಿಂದಿರುಗಿಸಿ. ಮೋಶೆಯ ಧರ್ಮಶಾಸ್ತ್ರ ಪೂರ್ತಿ ಮೊತ್ತದ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಡಲು ಹೇಳುತ್ತದೆ (ಅರಣ್ಯಕಾಂಡ 5:7). ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಅಂದ. ಹೇಳಿದರೆ ಇನ್ನೊಬ್ಬರ ಬದುಕಿಗೆ ಪೆಟ್ಟಾಗುವ ವಿಷಯವಾದರೆ ಮಾತ್ರ ಅವಸರ ಬೇಡ. ಮೊದಲು ಅನುಭವ ಇರುವ ಹಿರಿಯರ ಸಲಹೆ ಕೇಳಿ.

8. ಅದೇ ಪಾಪ, ಮತ್ತೆ

"ನಿನ್ನೆ ಅರಿಕೆ ಮಾಡಿದ್ದನ್ನೇ ಇವತ್ತೂ ಮಾಡಿದೆ. ಯಾವ ಮುಖ ಇಟ್ಟುಕೊಂಡು ಹೋಗಲಿ?" ಈ ಪ್ರಶ್ನೆ ನನಗೂ ಬಂದಿದೆ. ಸಹೋದರನು ದಿನಕ್ಕೆ ಏಳು ಸಲ ತಪ್ಪು ಮಾಡಿ ಏಳು ಸಲವೂ ಬಂದು ಕೇಳಿದರೆ ಕ್ಷಮಿಸು ಅಂತ ಯೇಸು ನಮಗೆ ಹೇಳಿದ್ದಾನೆ (ಲೂಕ 17:4). ನಮ್ಮಿಂದ ಇಷ್ಟು ಕೇಳುವವನು ತಾನು ಅದಕ್ಕಿಂತ ಕಡಿಮೆ ಮಾಡುತ್ತಾನೆಯೇ? ಹೋಗಿ. ತಡ ಮಾಡಬೇಡಿ.

ಜೊತೆಗೆ ಪಾಪಕ್ಕೆ ಹೋಗುವ ದಾರಿಯನ್ನೂ ಮುಚ್ಚಿ. ರಾತ್ರಿ ಒಬ್ಬರೇ ಇದ್ದಾಗ ಮೊಬೈಲಿನಲ್ಲಿ ಬೀಳುತ್ತಿದ್ದರೆ ಆ ಆ್ಯಪ್ ತೆಗೆಯಿರಿ. ಒಬ್ಬರ ಜೊತೆ ಕೂತರೆ ಚಾಡಿ ಮಾತೇ ಬರುತ್ತದೆ ಅಂದರೆ ಆ ಕೂಟ ಕಡಿಮೆ ಮಾಡಿ. ತಿಂಗಳುಗಟ್ಟಲೆ ಒಂದೇ ಕಡೆ ಬೀಳುತ್ತಿದ್ದರೆ ಒಬ್ಬರೇ ಹೊಡೆದಾಡಬೇಡಿ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿರಿ ಅಂತ ಯಾಕೋಬ ಬರೆದಿದ್ದಾನೆ (5:16). ಕಥೋಲಿಕರಿಗೆ ಗುರುಗಳ ಬಳಿ ಪಾಪನಿವೇದನೆಯ ಸಂಸ್ಕಾರ ಇದೆ. ಅಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಬೇರೆ ಸಭೆಗಳವರು ಸಭಾಪಾಲಕರನ್ನೋ ಗುಟ್ಟು ಕಾಯುವ ಒಬ್ಬ ವಿಶ್ವಾಸಿಯನ್ನೋ ಆರಿಸಿಕೊಳ್ಳಿ. ಕುಡಿತದಂಥ ಚಟವಾದರೆ ವೈದ್ಯರ ಸಹಾಯವನ್ನೂ ತೆಗೆದುಕೊಳ್ಳಿ.

ಇದಕ್ಕೆ ಉಲ್ಟಾ ಇರುವವರೂ ಇದ್ದಾರೆ. ಒಂದೇ ತಪ್ಪನ್ನು ಇಪ್ಪತ್ತು ಸಲ ಅರಿಕೆ ಮಾಡಿದರೂ ಸಮಾಧಾನ ಇಲ್ಲ, ಸರಿಯಾಗಿ ಹೇಳಿದೆನೋ ಇಲ್ಲವೋ ಅಂತ ನಿದ್ದೆಗೆಡುತ್ತಾರೆ. ನೀವು ಅಂಥವರಾದರೆ 3ನೇ ಹಂತವನ್ನು ಎರಡು ನಿಮಿಷಕ್ಕೆ ನಿಲ್ಲಿಸಿ, ಒಂದು ಸಲ ಹೇಳಿದ್ದನ್ನು ಮತ್ತೆ ಹೇಳಬೇಡಿ, 5ನೇ ಹಂತದಲ್ಲಿ ಜಾಸ್ತಿ ಹೊತ್ತು ಇರಿ. ಅದೂ ಆಗದಷ್ಟು ಹಿಂಸೆಯಾಗುತ್ತಿದ್ದರೆ ಅದು ಮನಸ್ಸಿನ ಕಾಯಿಲೆಯೂ ಇರಬಹುದು. ವೈದ್ಯರನ್ನು ಕಾಣಿ. ಹಾಗೆ ಹೋಗುವುದು ನಂಬಿಕೆ ಇಲ್ಲದಿರುವುದರ ಗುರುತಲ್ಲ.

ತಪ್ಪಿಹೋದ ದಿನಗಳು

ಶುರು ಮಾಡಿದ ಎರಡನೇ ವಾರಕ್ಕೇ ನಾಲ್ಕು ದಿನ ತಪ್ಪಿಹೋಗುತ್ತದೆ. ಊರಿಗೆ ಹೋದಿರಿ, ಮಗುವಿಗೆ ಹುಷಾರಿರಲಿಲ್ಲ, ಸುಮ್ನೆ ಮರೆತಿರಿ. ಐದನೇ ದಿನ ಕೂತಾಗ ನಾಲ್ಕು ದಿನದ ಬಾಕಿಯನ್ನೆಲ್ಲ ತೀರಿಸಲು ಹೋಗಬೇಡಿ. ನಿಜವಾಗಿ ಚುಚ್ಚುತ್ತಿರುವುದು ಒಂದು ಇದ್ದರೆ ಅದನ್ನು ಹೇಳಿ, ಉಳಿದದ್ದನ್ನು ಬಿಡಿ. ಕರ್ತನ ಕರುಣೆ ಪ್ರತಿ ಬೆಳಿಗ್ಗೆ ಹೊಸದು ಎಂಬ ಮಾತು ಬರೆದಿರುವುದು ಪ್ರಲಾಪಗಳ ಪುಸ್ತಕದಲ್ಲಿ, ಸುಟ್ಟುಹೋದ ಪಟ್ಟಣದ ಬಗ್ಗೆ ಅಳುತ್ತಿರುವ ಹಾಡುಗಳ ನಡುವೆ. ಕುರ್ಚಿ ಎಳೆದುಕೊಳ್ಳಿ, ಮೊಬೈಲ್ ಆಚೆ ಇಡಿ, ಇವತ್ತು ಸಿಕ್ಕಿದ್ದೇನು ಅಂತ ನೆನಪು ಮಾಡಿಕೊಳ್ಳುವುದರಿಂದ ಮತ್ತೆ ಶುರು ಮಾಡಿ.